ರಜೆ ಹಾಕದ ಅಕ್ಕ

ಕಸ ಗುಡಿಸುವವರ ಹಾಜರಿ ಬೆಳಿಗ್ಗೆ ಐದೂವರೆಗೆ. ನೀರಿನ ಟ್ಯಾಂಕಿನ ಕೆಳಗೆ ಮೇಸ್ತ್ರಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಪುಸ್ತಕ ಅವನ ತೊಡೆಯ ಮೇಲೆ. ಹೆಂಗಸರು ಅಲ್ಲಿಗೇ ಬಗ್ಗಿ ಸಹಿ ಹಾಕಬೇಕು. ಐದು ನಿಮಿಷ ತಡವಾದರೆ ಪುಸ್ತಕ ಮುಚ್ಚಿರುತ್ತದೆ. ಆಮೇಲೆ ಊರೆಲ್ಲ ಗುಡಿಸಿದರೂ ಗುಡಿಸಿದಂತಲ್ಲ. ಕೈಗವಸು ವರ್ಷಕ್ಕೊಂದು ಜೊತೆ. ಬಂದ ತಿಂಗಳಲ್ಲೇ ಹೆಬ್ಬೆರಳು ಹೊರಗೆ ಇಣುಕುತ್ತದೆ.

ನಮ್ಮ ಬೀದಿ ಗುಡಿಸುತ್ತಿದ್ದವಳನ್ನು ಎಲ್ಲರೂ ಸಿಳ್ಳೆಯಮ್ಮ ಅನ್ನುತ್ತಿದ್ದರು. ತಿರುವಿನಲ್ಲಿ ಬಗ್ಗಿದಾಗ ಹಿಂದಿನಿಂದ ಬರುವ ಗಾಡಿಗಳಿಗೆ ಗೊತ್ತಾಗಲೆಂದು ಸಿಳ್ಳೆ ಹಾಕುತ್ತಿದ್ದಳು. ನನ್ನ ಗಂಡ ತೀರಿಕೊಂಡ ಮೇಲೆ ಎಷ್ಟೋ ದಿನ ನಾನು ಬಾಗಿಲು ತೆಗೆದದ್ದು ಆ ಸಿಳ್ಳೆ ಕೇಳಿಯೇ.

ನನ್ನ ಗಂಡ ಕಾಲೇಜಿನ ಚಲನಚಿತ್ರ ವಿಭಾಗದಲ್ಲಿ ಧ್ವನಿಯ ಸಾಮಾನು ನೋಡಿಕೊಳ್ಳುತ್ತಿದ್ದರು. ಅವರ ಜಾಗ ನನಗೆ ಕೊಟ್ಟರು. ಆರು ತಿಂಗಳಿಗೊಮ್ಮೆ ವಿಭಾಗದ ಮೇಷ್ಟ್ರು ಸಹಿ ಹಾಕಿದರೆ ಮುಂದಿನ ಆರು ತಿಂಗಳು ಕೆಲಸ. ಕೈಗೆ ಬಂದದ್ದು ಗಂಡನ ಹೆಡ್‌ಫೋನ್, ಅವರೇ ಟೇಪು ಸುತ್ತಿದ್ದ ಮೈಕಿನ ಕೋಲು. ಪೆಟ್ಟಿಗೆಯ ಮುಚ್ಚಳದೊಳಗೆ ಅವರ ಕೈಬರಹದ ಚೀಟಿಯೊಂದು ಅಂಟಿಕೊಂಡಿತ್ತು: ಮೊದಲು ತಿಂಡಿ ಏನೆಂದು ಕೇಳು, ಸಹಜ ದನಿ ಬರುತ್ತದೆ.

ವಿದ್ಯಾರ್ಥಿಗಳು ಊರಿನ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಬೀದಿಯ ಜನರನ್ನು ಮಾತಾಡಿಸಬೇಕಿತ್ತು. ಸಿಳ್ಳೆಯಮ್ಮನನ್ನು ಒಪ್ಪಿಸಿದವಳು ನಾನು. ಒಳ್ಳೆಯ ಮಾತು ಆಡುವುದಾದರೆ ಆಡು ಅಂತ ಮೇಸ್ತ್ರಿಯೂ ಅಂದಿದ್ದ. ನಿರ್ದೇಶನ ಮಾಡುತ್ತಿದ್ದ ಹುಡುಗಿ ಒಪ್ಪಿಗೆಪತ್ರ ಕೊಟ್ಟಳು. ಸಿಳ್ಳೆಯಮ್ಮ ಬಗ್ಗಿ ಸರಸರ ಸಹಿ ಹಾಕಿದಳು. ನಾನು ಕಾಗದ ಮಡಿಸಿ ಚೀಲಕ್ಕೆ ಹಾಕಿದೆ. ಓದಲಿಲ್ಲ.

ಮೇಸ್ತ್ರಿ ಟೀ ಕುಡಿಯಲು ಹೋಗಿದ್ದ. ನಾನು ಮೈಕು ಹಿಡಿದು ಕೇಳಿದೆ:

"ಅಮ್ಮಾ, ಬೆಳಿಗ್ಗೆ ಏನು ತಿಂದ್ರಿ?"

"ತಿನ್ನೋಕೆ ಪುರುಸೊತ್ತೆಲ್ಲಿ ಮಗಳೇ? ಓಡಿಬಂದು ನಮ್ಮಕ್ಕನ ಹಾಜರಿ ಹಾಕಿದೆ." ಅವಳು ನಕ್ಕಳು. "ಅವಳು ಸತ್ತು ಮೂರು ವರ್ಷ ಆಯ್ತು. ಒಂದಿನಾನೂ ರಜೆ ಹಾಕಿಲ್ಲ ನೋಡು, ಮಹಾರಾಯ್ತಿ."

ಹೊಸ ಹೆಸರು ಸೇರಿಸಬೇಕಾದರೆ ಮೇಲಿನವರ ಮಂಜೂರಾತಿ ಬೇಕು. ಅಕ್ಕನ ಹೆಸರಿಗೆ ಅದು ಇತ್ತು. ಅದಕ್ಕೇ ಮೇಸ್ತ್ರಿ ತಂಗಿಗೆ ಅಕ್ಕನ ಸಹಿ ಕಲಿಸಿ ಕೆಲಸಕ್ಕೆ ಹಚ್ಚಿದ್ದ. ಎದುರು ಮಾತಾಡಿದರೆ ನೀನು ಯಾರು ಅನ್ನುತ್ತಿದ್ದ.

ಆಮೇಲೆ ಹುಡುಗಿ "ಶುರು" ಅಂದಳು. ಸಿಳ್ಳೆಯಮ್ಮ ಸೆರಗು ಸರಿಮಾಡಿಕೊಂಡು, ಗಂಟಲು ಕೆರೆದು, ಊರು ನಮ್ಮೆಲ್ಲರ ಮನೆ ಇದ್ದ ಹಾಗೆ ಅಂತ ಕಂಠಪಾಠ ಒಪ್ಪಿಸಿದಳು. ಶುರು ಅನ್ನುವ ಮೊದಲೂ ಯಂತ್ರ ಕೇಳಿಸಿಕೊಳ್ಳುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಸಂಕಲನದ ಕೋಣೆಯಲ್ಲಿ ಹುಡುಗಿ ಹೆಡ್‌ಫೋನ್ ತೆಗೆದು ಉಳಿದವರನ್ನು ಕರೆದಳು. ಸತ್ತ ಅಕ್ಕನ ಮಾತನ್ನು ಮೂರು ಸಲ ಹಾಕಿ ಕೇಳಿದರು. ಅದು ಬರೀ ದನಿ ಪರೀಕ್ಷೆಯ ಮಾತು ಅಂದೆ. ಇಡೀ ಚಿತ್ರದಲ್ಲಿ ನಿಜವಾದದ್ದು ಅದೊಂದೇ ಮೇಡಂ, ಒಪ್ಪಿಗೆಪತ್ರವೂ ಇದೆಯಲ್ಲ ಅಂದಳು ಹುಡುಗಿ. ಕೆಟ್ಟವಳಲ್ಲ. ನಾನು ಮೈಕಿನ ತಂತಿ ಸುತ್ತತೊಡಗಿದೆ.

ಪ್ರದರ್ಶನದ ದಿನ ಮೊದಲ ಸಾಲಿನಲ್ಲಿ ಊರಿನ ಅಧಿಕಾರಿಗಳು, ಅವರ ಪಕ್ಕದಲ್ಲಿ ಕಸದ ಗುತ್ತಿಗೆದಾರ. ಆ ಮಾತಿಗೆ ಸಭೆ ಗೊಳ್ಳೆಂದು ನಕ್ಕಿತು. ಅಧಿಕಾರಿಗಳೂ ನಕ್ಕರು. ಯಾರೂ ಪುಸ್ತಕ ತರಿಸಿ ನೋಡಲಿಲ್ಲ. ಮಾರನೆಯ ಬೆಳಿಗ್ಗೆ ಸಿಳ್ಳೆಯಮ್ಮ ಬಗ್ಗಿದಾಗ ಮೇಸ್ತ್ರಿ ಪುಸ್ತಕ ಮುಚ್ಚಿದ.

"ಆ ಮಾತು ತೆಗೆಸ್ಕೊಂಡು ಬಾ. ಆಮೇಲೆ ನೋಡೋಣ."

ಅವಳನ್ನು ಮೇಷ್ಟ್ರ ಬಳಿ ಕರೆದುಕೊಂಡು ಹೋದೆ. ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ. ಮೇಷ್ಟ್ರು ಸಮಾಧಾನದಿಂದ ಕೇಳಿಕೊಂಡರು. ಸಹಿ ಹಾಕಿದವರು ಬೇಡವೆಂದು ಬರೆದುಕೊಟ್ಟರೆ ತೆಗೆಯಲೇಬೇಕು, ನಿಯಮ ಹಾಗೇ ಇದೆ ಅಂದರು. ಕಡತ ತರಿಸಿದರು. ಪತ್ರ ನೋಡಿ ತಲೆ ಎತ್ತಿದರು.

"ಇದು ನಿಮ್ಮ ಹೆಸರಾ?"

ಸಿಳ್ಳೆಯಮ್ಮ ಕಾಗದದ ಮೇಲೆ ಬಗ್ಗಿದಳು. ಅವಳ ಮುಖ ಇಳಿಯಿತು. ದಿನಾ ಹಾಕುವ ಸಹಿಯನ್ನೇ ಅಲ್ಲೂ ಹಾಕಿದ್ದಳು.

"ಕೈ ಹಾಗೇ ಹೋಗಿದೆ ಸಾರ್. ಇದು ನಮ್ಮಕ್ಕಂದು."

ಹಾಗಾದರೆ ಅಕ್ಕ ಬರೆದುಕೊಡಬೇಕು ಅಂದರು ಮೇಷ್ಟ್ರು. ಅಕ್ಕ ಇಲ್ಲವೆಂದಾಗ ಮರಣ ಪ್ರಮಾಣಪತ್ರ ತನ್ನಿ ಅಂದರು. ಅದು ಈ ಕಡತ ಸೇರಿದರೆ ಮೂರು ವರ್ಷ ಸುಳ್ಳು ಸಹಿ ಹಾಕಿದ್ದಕ್ಕೆ ಅವಳೇ ಸಾಕ್ಷಿ ಕೊಟ್ಟಂತೆ. ಸಿಳ್ಳೆಯಮ್ಮ ಮೇಜಿನ ಮೇಲಿದ್ದ ಪೆನ್ನಿನತ್ತ ನೋಡಿದಳು.

"ಅಕ್ಕನ ಸಹಿ ನಾನೇ ಹಾಕ್ಲಾ ಸಾರ್? ಚೆನ್ನಾಗಿ ಬರುತ್ತೆ ನಂಗೆ."

"ಸುಳ್ಳು ಸಹಿ ಇಲ್ಲೆಲ್ಲ ನಡೆಯಲ್ಲಮ್ಮ."

"ಸಾರ್, ಚಿತ್ರ ತೋರಿಸಿದ್ದೂ ಅದೇ ಸಹಿ ಮೇಲೆ," ಅಂದೆ ನಾನು.

ನೀವು ಓದಿ ತಗೊಳ್ಳಬೇಕಿತ್ತು ಅಂದರು. ಅವರು ಹೇಳಿದ್ದು ಸರಿ. ನನ್ನ ಮುಂದಿನ ಆರು ತಿಂಗಳ ಪತ್ರ ಅದೇ ಮೇಜಿನ ಮೇಲೆ, ಗಾಜಿನ ಗುಂಡಿನ ಕೆಳಗಿತ್ತು. ನಾನೂ ಸತ್ತವರ ಜಾಗದಲ್ಲೇ ದುಡಿಯುವವಳು. ನನ್ನದಕ್ಕೆ ಆದೇಶವಿದೆ, ಅಷ್ಟೇ.

ಹೊರಗೆ ಬಂದ ಮೇಲೆ ಸಿಳ್ಳೆಯಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗೇಟಿನ ಹತ್ತಿರ ನಿಂತು, ತನ್ನ ಹೆಸರು ಬರೆದು ಎಷ್ಟು ಕಾಲವಾಯಿತೋ ಅಂದಳು. ಅಂಗೈ ಮೇಲೆ ಬೆರಳಿನಿಂದ ಬರೆಯಲು ನೋಡಿದಳು. ಎರಡಕ್ಷರಕ್ಕೆ ನಿಲ್ಲಿಸಿದಳು.

ಈಗ ಅವಳು ಊರಾಚೆ ಕಸದ ಗುಡ್ಡೆಯಲ್ಲಿ ಪ್ಲಾಸ್ಟಿಕ್ ಆಯುತ್ತಾಳೆ. ಅಲ್ಲಿ ಹಾಜರಿ ಇಲ್ಲ, ಕೈಗವಸೂ ಇಲ್ಲ.

ಚಿತ್ರಕ್ಕೆ ಬಹುಮಾನ ಬಂತು. ಹೊರಗಿನ ಸ್ಪರ್ಧೆಗೆ ಕಳಿಸುವ ಮೊದಲು ಇನ್ನಷ್ಟು ಬೀದಿಯ ದೃಶ್ಯ ಬೇಕೆಂದು ಮತ್ತೆ ಬೆಳಿಗ್ಗೆ ಹೋದೆವು. ತಿರುವಿನಲ್ಲಿ ಹೊಸಬಳು ಗುಡಿಸುತ್ತಿದ್ದಳು, ಚಿಕ್ಕ ವಯಸ್ಸು. ಸಿಳ್ಳೆ ಬಾರದು, ಗಾಡಿ ಬಂದಾಗಲೆಲ್ಲ ಗೋಡೆಗೆ ಒತ್ತಿಕೊಳ್ಳುತ್ತಿದ್ದಳು. ನಿರ್ದೇಶನದ ಹುಡುಗಿ ಹೋಗಿ ಮಾತಾಡಿಸಿದಳು, ಒಪ್ಪಿಸಿದಳು.

"ಮೇಡಂ, ಟೆಸ್ಟ್ ಕೇಳಿ."

ಮೈಕು ಚಾಚಿದೆ. ತಿಂಡಿಯ ವಿಷಯ ಕೇಳಲಿಲ್ಲ.

"ತಂಗೀ, ಇದು ಈಗಲೇ ಕೇಳಿಸ್ಕೊಳ್ತಾ ಇದೆ," ಅಂದೆ.

ಅವಳು ಮೈಕು ನೋಡಿದಳು, ನನ್ನನ್ನು ನೋಡಿದಳು. ತೆರೆದ ಬಾಯಿ ಮುಚ್ಚಿ ಮತ್ತೆ ಗುಡಿಸತೊಡಗಿದಳು. ಹುಡುಗಿ ಹುಬ್ಬು ಗಂಟಿಕ್ಕಿದಳು. ಹೆಡ್‌ಫೋನಿನಲ್ಲಿ ಪೊರಕೆಯ ಸದ್ದು ಮಾತ್ರ.

ಅಷ್ಟರಲ್ಲಿ ಟ್ಯಾಂಕಿನ ಕಡೆಯಿಂದ ಮೇಸ್ತ್ರಿ ಕೂಗಿದ. ಒಪ್ಪಿಗೆಪತ್ರದಲ್ಲಿ ನಾನು ತಡವಾಗಿ ಓದಿದ, ಸತ್ತ ಅಕ್ಕನ ಹೆಸರನ್ನೇ ಕೂಗಿದ.

"ಬಂದೇ ಸಾರ್," ಅಂತ ಹೊಸಬಳು ಪೊರಕೆ ಬಿಟ್ಟು ಓಡಿದಳು.

ಎರಡು ದನಿಯೂ ಸ್ಪಷ್ಟವಾಗಿ ದಾಖಲಾದವು.