ಯಜಮಾನರು ಹಾಕಿದ ಟಿಕ್

ಸೋಮವಾರ ಬೆಳಿಗ್ಗೆ ಮತ್ತಿಕೆರೆಯಿಂದ ನಾನು ಹತ್ತಿದ ಬಸ್ಸು ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಎಂದಿನಂತೆ ನಿಂತುಬಿಟ್ಟಿತ್ತು. ಕಿಟಕಿ ಪಕ್ಕ ಸೀಟು ಸಿಕ್ಕಿದ್ದರಿಂದ ನನಗೇನೂ ಬೇಜಾರಿರಲಿಲ್ಲ. ಫೋನು ಟಿಣ್ ಎಂದಿತು. ನೋಡಿದರೆ ನಮ್ಮ ಆಫೀಸಿನ ಕ್ಯಾಲೆಂಡರ್. ‘ಕೋಗಿಲು ಸೈಟ್. ಮೋಲ್ಡ್ ಸೆಂಟ್ರಿಂಗ್ ಬಿಚ್ಚುವುದು. ಅನ್ವರ್ ಶುರು ಮಾಡಿದ್ದಾರೆ.’

ಅಬ್ಬಾ, ಒಬ್ಬ ಮನುಷ್ಯನಾದರೂ ಹೇಳಿದ ದಿನಕ್ಕೆ ಬಂದನಲ್ಲ ಅಂದುಕೊಂಡೆ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು.

ನನ್ನ ಹೆಸರು ಶಾಂತಲಾ. ಮುನಿಕೃಷ್ಣಪ್ಪನವರ ಕಟ್ಟಡದ ಕಂಪನಿಯಲ್ಲಿ ಯಾವ ಸೈಟಿನಲ್ಲಿ ಯಾವತ್ತು ಯಾರು ಏನು ಕೆಲಸ ಮಾಡಬೇಕು ಎಂದು ನೋಡಿಕೊಳ್ಳುವವಳು ನಾನೇ. ಮುನಿಕೃಷ್ಣಪ್ಪನವರು ಕೋಗಿಲಿನವರು. ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲೇ ಈಗ ಫ್ಲಾಟು ಬೆಳೆಯುತ್ತಾರೆ. ನಾನು ಸೇರಿದಾಗ ಅವರ ಮೂರೂ ಸೈಟುಗಳ ಲೆಕ್ಕ ಅವರ ತಲೆಯಲ್ಲಿತ್ತು. ಪ್ಲಂಬರ್ ಬಂದ ದಿನ ಗಾರೆಯವರು ಬರುತ್ತಿದ್ದರು, ಗಾರೆಯವರು ಬಂದ ದಿನ ಸಿಮೆಂಟ್ ಇರುತ್ತಿರಲಿಲ್ಲ. ಎಲ್ಲರೂ ಎಲ್ಲರಿಗೂ ಫೋನ್ ಮಾಡಿ ಕೂಗಾಡುವುದೇ ಕೆಲಸವಾಗಿತ್ತು. ಅದನ್ನು ನೋಡಿ ನನ್ನ ತಲೆ ಕೆಟ್ಟು, ಒಂದು ಸಾಫ್ಟ್‌ವೇರ್ ತರಿಸಿ ಎಲ್ಲರ ಫೋನಿಗೂ ಹಾಕಿಸಿದೆ. ಒಂದೇ ಕ್ಯಾಲೆಂಡರ್, ಎಲ್ಲರಿಗೂ ಕಾಣುವಂಥದ್ದು. ಒಂದು ಕೆಲಸ ಮುಗಿಯಿತು ಎಂದು ಟಿಕ್ ಹಾಕಿದರೆ ಸಾಕು, ಮುಂದಿನ ಕೆಲಸದ ದಿನವನ್ನು ಅದೇ ಎಣಿಸಿ, ಆ ದಿನ ಬಂದಾಗ ಬೇಕಾದವರಿಗೆ ಸುದ್ದಿ ಮುಟ್ಟಿಸುತ್ತದೆ.

“ಕ್ಯಾಲೆಂಡರ್‌ನಲ್ಲಿ ಇದ್ರೆ ಇದೆ, ಇಲ್ಲ ಅಂದ್ರೆ ಇಲ್ಲ. ಫೋನ್ ಮಾಡಿ ನನ್ ತಲೆ ತಿನ್ಬೇಡಿ” ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದೆ.

ಸೆಂಟ್ರಿಂಗ್ ಕಂಟ್ರಾಕ್ಟರ್ ಅನ್ವರ್‌ಗೆ ಇದು ಸ್ವಲ್ಪ ಕಷ್ಟವಾಯಿತು. ಆರ್.ಟಿ. ನಗರದವರು, ಓದಿದ್ದು ಉರ್ದು ಶಾಲೆಯಲ್ಲಿ, ಕನ್ನಡ ಇಂಗ್ಲಿಷ್ ಎರಡೂ ಓದಲು ಬಾರದು. ಅದಕ್ಕೆ ನಾನೇ ಕೂರಿಸಿಕೊಂಡು ಹೇಳಿಕೊಟ್ಟೆ: ಓದೋದೇ ಬೇಡ, ಬಣ್ಣ ನೋಡಿ. ಗ್ರೀನ್ ಇದ್ರೆ ಮಾಡಿ, ರೆಡ್ ಇದ್ರೆ ನಿಲ್ಲಿಸಿ. ರೆಡ್ ಆದರೆ ಸೈರನ್ ಥರ ಕೂಗುವಂತೆ ಅವರ ಫೋನಿಗೆ ಒಂದು ಸದ್ದನ್ನೂ ಹಾಕಿಕೊಟ್ಟಿದ್ದೆ. ಆಮೇಲೂ ಒಂದು ಸಲ ಯಲಹಂಕದ ಸೈಟಿಗೆ ಗ್ರೀನ್ ಬಿದ್ದ ಮಾರನೇ ದಿನ ಬಂದರು. ಆಳುಗಳೆಲ್ಲ ಕೇಳುವ ಹಾಗೆ ಚೆನ್ನಾಗಿ ಗ್ರಹಚಾರ ಬಿಡಿಸಿದೆ. ಅದಾದ ಮೇಲೆ ಒಂದು ದಿನವೂ ತಪ್ಪಿಸಿಲ್ಲ.

ಬಸ್ಸು ಒಂದು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ನಾನು ಸುಮ್ಮನೆ ಫೋನ್ ತಿರುವುತ್ತಿದ್ದೆ. ವಾಟ್ಸಾಪ್ ಗುಂಪಿನಲ್ಲಿ ನಮ್ಮ ಎಂಜಿನಿಯರ್ ಪ್ರದ್ಯುಮ್ನ ಹಾಕಿದ್ದ ಫೋಟೋ ಕಣ್ಣಿಗೆ ಬಿತ್ತು. ಕಾಂಕ್ರೀಟ್ ಲಾರಿ, ಅದರ ಉದ್ದನೆಯ ಪೈಪು, ಮಂಡಿಯುದ್ದ ಬೂಟು ಹಾಕಿಕೊಂಡು ಚಾವಣಿಯ ಮೇಲೆ ನಿಂತ ಮೋಲ್ಡ್‌ನವರು. ‘ಕೋಗಿಲು ಮೋಲ್ಡ್ ಆಯ್ತು’ ಎಂದು ಬರೆದಿದ್ದ.

ಫೋಟೋ ಗುರುವಾರದ್ದು. ಅಂದರೆ ಮೊನ್ನೆ ಮೊನ್ನೆಯದು.

ಎದೆ ಧಸಕ್ಕೆಂದಿತು. ಮೋಲ್ಡ್ ಎಂದರೆ ಕಾಂಕ್ರೀಟಿನ ಚಾವಣಿ. ಅದು ಗಟ್ಟಿಯಾಗಲು ಎರಡು ವಾರ ಬೇಕು. ಅಲ್ಲಿಯವರೆಗೆ ಅದನ್ನು ಹೊತ್ತು ನಿಲ್ಲುವುದು ಕೆಳಗಿನ ಹಲಗೆ ಮತ್ತು ಕಬ್ಬಿಣದ ಜಾಕುಗಳು. ಅದಕ್ಕೇ ಸೆಂಟ್ರಿಂಗ್ ಎನ್ನುವುದು. ನಾಲ್ಕೇ ದಿನಕ್ಕೆ ಅದನ್ನು ಬಿಚ್ಚಿದರೆ ಹಸಿ ಚಾವಣಿ ಕೆಳಗಿದ್ದವರ ಮೇಲೆಯೇ ಬೀಳುತ್ತದೆ. ಕೆಳಗೆ ಅನ್ವರ್ ಮತ್ತವರ ಆಳುಗಳಿದ್ದರು. ಮೋಲ್ಡಿಗೆ ನೀರು ಕಟ್ಟುವ ಈರವ್ವನ ಒಲೆಯೂ ಅಲ್ಲೇ, ಆ ಚಾವಣಿಯ ಅಡಿಯಲ್ಲೇ ಇತ್ತು.

ಹಾಗಾದರೆ ಕ್ಯಾಲೆಂಡರ್ ಯಾಕೆ ಇವತ್ತೇ ಬಿಚ್ಚಿ ಎಂದಿತು? ತೆಗೆದು ನೋಡಿದೆ. ‘ಮೋಲ್ಡ್ ಹಾಕುವುದು’ ಎನ್ನುವುದರ ಮುಂದೆ ಟಿಕ್ ಬಿದ್ದು ಎರಡು ವಾರ ಆಗಿತ್ತು. ಟಿಕ್ ಹಾಕಿದವರು: ಮುನಿಕೃಷ್ಣಪ್ಪ.

ತಕ್ಷಣ ಹೊಳೆಯಿತು. ಆಷಾಢ ಹುಟ್ಟುವ ಮುಂಚೆ ಯಜಮಾನರು ಸೈಟಿನಲ್ಲಿ ಪೂಜೆ ಮಾಡಿಸಿದ್ದರು. ಆಷಾಢದಲ್ಲಿ ಹೊಸ ಕೆಲಸ ಹಿಡಿಯಬಾರದು, ಆದರೆ ಹಿಡಿದ ಕೆಲಸ ಮುಂದುವರಿಸಬಹುದಲ್ಲ. ಅದಕ್ಕೆ ಒಳ್ಳೆಯ ಗಳಿಗೆಯಲ್ಲಿ ತೆಂಗಿನಕಾಯಿ ಒಡೆದು, ಒಂದು ಬಾಂಡ್ಲಿ ಕಾಂಕ್ರೀಟನ್ನು ಈಶಾನ್ಯದ ಮೂಲೆಗೆ ಸುರಿದು ಶಾಸ್ತ್ರ ಮುಗಿಸಿದ್ದರು. ಮಳೆ, ಗಾಳಿ, ಲಾರಿ ಸಿಗಲಿಲ್ಲ ಎಂದು ನಿಜವಾದ ಮೋಲ್ಡ್ ಬಿದ್ದದ್ದು ಮೊನ್ನೆ ಗುರುವಾರ. ಅಷ್ಟರಲ್ಲಿ ಯಜಮಾನರು ಭಕ್ತಿಯಿಂದ ಟಿಕ್ ಹಾಕಿ ಕೂತಿದ್ದಾರೆ! ಆಗಲೇ ಟಿಕ್ ಆಗಿದ್ದರಿಂದ ಗುರುವಾರ ಪ್ರದ್ಯುಮ್ನನಿಗೆ ಮತ್ತೆ ಹಾಕಲು ಏನೂ ಇರಲಿಲ್ಲ. ಅವನು ಫೋಟೋ ಹಾಕಿ ಸುಮ್ಮನಾಗಿದ್ದ, ಶನಿವಾರದಿಂದ ಡೆಂಗಿ ಜ್ವರ ಬಂದು ಮಲಗಿದ್ದ. ನಾನೋ, ಮುಗಿದ ಕೆಲಸಗಳು ಕಣ್ಣಿಗೆ ಕಾಣದಂತೆ ಮರೆ ಮಾಡಿಕೊಂಡಿದ್ದೆ. ಪರದೆ ತುಂಬಾ ನೀಟಾಗಿ ಕಾಣಲಿ ಎಂದು. ನನ್ನ ನೀಟಿಗೆ ಬೆಂಕಿ ಹಾಕ.

ಅನ್ವರ್‌ಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದೆ. “ತೆಗೀರೀ, ತೆಗೀರೀ” ಎಂದು ಜೋರಾಗಿಯೇ ಅಂದೆನೆಂದು ಕಾಣುತ್ತದೆ, ಮುಂದಿನ ಸೀಟಿನ ಅಜ್ಜಿ ತಿರುಗಿ ನೋಡಿದರು. ತೆಗೆಯಲಿಲ್ಲ. ವಾಟ್ಸಾಪಿನಲ್ಲಿ ‘ನಿಲ್ಲಿಸಿ’ ಎಂದು ಬಾಯಲ್ಲೇ ಹೇಳಿ ಕಳಿಸಿದೆ. ಅದು ಅಲ್ಲೇ ಬಿದ್ದಿತ್ತು, ಕೇಳಿದವರಿಲ್ಲ. ಈರವ್ವನ ಫೋನ್ ಸ್ವಿಚ್ ಆಫ್. ಸೈಟಿನಲ್ಲಿ ಇನ್ಯಾರ ನಂಬರೂ ನನ್ನ ಹತ್ತಿರ ಇರಲಿಲ್ಲ. ಯಾಕೆ ಇರುತ್ತದೆ? ಫೋನ್ ಮಾಡಬೇಡಿ ಎಂದವಳು ನಾನೇ ತಾನೇ.

ಕ್ಯಾಲೆಂಡರಿನಲ್ಲೇ ರೆಡ್ ಮಾಡೋಣ ಎಂದು ಸೆಂಟ್ರಿಂಗ್ ಬಿಚ್ಚುವ ದಿನವನ್ನು ಮುಂದಕ್ಕೆ ಎಳೆದೆ. ಅದು ಮತ್ತೆ ಹಿಂದಕ್ಕೆ ಬಂದು ಕೂತಿತು. ಹಿಂದಿನ ಕೆಲಸಕ್ಕೆ ಟಿಕ್ ಇರುವವರೆಗೆ ಮುಂದಿನದನ್ನು ಯಾರೂ ಅಲ್ಲಾಡಿಸಬಾರದು ಎಂದು ಬೀಗ ಹಾಕಿದ್ದೆ. ಸರಿ, ಟಿಕ್ಕನ್ನೇ ತೆಗೆಯೋಣ ಎಂದರೆ ಅದು ಯಜಮಾನರ ಟಿಕ್. “ನಾನ್ ಆಕಿದ್ದನ್ನ ಇನ್ನೊಬ್ರು ತೆಗೆಯಂಗಿರಬಾರ್ದು ಕಣವ್ವ” ಎಂದು ಮೊದಲ ದಿನವೇ ಹೇಳಿ ಮಾಡಿಸಿಕೊಂಡಿದ್ದರು. ನಾನೂ ಸರಿ ಸಾರ್ ಎಂದು ಮಾಡಿಕೊಟ್ಟಿದ್ದೆ.

ಮುನಿಕೃಷ್ಣಪ್ಪನವರಿಗೆ ಫೋನ್ ಮಾಡಿದೆ. ದೊಡ್ಡಬಳ್ಳಾಪುರದಲ್ಲಿ ನೆಂಟರ ಮನೆಯಲ್ಲಿದ್ದರು. ಪುಣ್ಯಕ್ಕೆ ತೆಗೆದರು.

“ಏನವ್ವ ಶಾಂತಲಾ, ತಿಂಡಿ ಆಯ್ತಾ?”

“ಸಾರ್, ಕೋಗಿಲು ಮೋಲ್ಡಿಗೆ ನೀವು ಟಿಕ್ ಹಾಕಿದ್ರಾ?”

“ಊಂ, ಪೂಜೆ ದಿನವೇ ಆಕ್ದೆ. ಕಾಯಿ ಒಡ್ದು, ಬಾಂಡ್ಲಿ ಸುರ್ದು, ಕೈ ತೊಳ್ಕಂಡು ಆಕ್ದೆ. ಯಾಕೆ?”

“ಅದನ್ನ ಈಗ್ಲೇ ತೆಗೀರಿ ಸಾರ್. ಅದನ್ನ ನಂಬ್ಕೊಂಡು ಅನ್ವರ್ ಸೆಂಟ್ರಿಂಗ್ ಬಿಚ್ತಾ ಇದಾರೆ. ಮೋಲ್ಡ್ ಇನ್ನೂ ಹಸಿ.”

ಯಜಮಾನರು ಗಂಟಲು ಸರಿಮಾಡಿಕೊಂಡರು. “ತೆಗೆಯಾದಾ? ಪೂಜೆ ಮಾಡಿದ್ ಕೆಲ್ಸ ಆಗಿಲ್ಲ ಅಂತ ಆಷಾಢದಾಗೆ ನನ್ ಕೈಯಾರೆ ಆಕಾದಾ? ಇಂಗಂದ್ರೆ ಎಂಗವ್ವ? ನೀನು ಅನ್ವರ್‌ಗೆ ಒಂದ್ ಫೋನ್ ಮಾಡಿ ಏಳ್ಬಿಡು.”

“ತೆಗೀತಾ ಇಲ್ಲ ಸಾರ್ ಅವ್ರು!”

“ತಡಿ, ನಮ್ಮನೆಯವಳನ್ನ ಕೇಳ್ತೀನಿ. ಲೇ ಮುನಿಗಂಗಾ…”

ಅಲ್ಲಿಗೆ ನನ್ನ ತಾಳ್ಮೆ ಮುಗಿಯಿತು. ಇಷ್ಟು ವರ್ಷದಲ್ಲಿ ಅವರಿಗೆ ಏರಿದ ದನಿಯಲ್ಲಿ ಒಂದು ಮಾತೂ ಆಡಿದವಳಲ್ಲ. “ಯಾರನ್ನೂ ಕೇಳ್ಬೇಡಿ! ಹೆಣ ಬೀಳ್ತವೆ ಸಾರ್, ನಿಮ್ ಪೂಜೆ ಮಾಡಿದ್ ಜಾಗದಲ್ಲೇ ಹೆಣ ಬೀಳ್ತವೆ! ಟಿಕ್ ತೆಗೀರಿ!”

ಬಸ್ಸಿಗೆ ಬಸ್ಸೇ ನನ್ನ ಕಡೆ ತಿರುಗಿತು. ತಿರುಗಲಿ ಬಿಡು. ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು. “ಎಲ್ಲೈತವ್ವ ಅದು… ಕನ್ನಡಕ ಎಲ್ಲಿಟ್ನೋ… ಆಂ, ಇದಾ? ಒತ್ತಿದ್ರೆ ಏನೋ ಕೇಳ್ತೈತಲ್ಲ.”

“ಹೌದು ಅಂತ ಒತ್ತಿ.”

“ಒತ್ದೆ. ಸಿವನೇ, ಕ್ಸಮಿಸಪ್ಪ.”

ನನ್ನ ಫೋನಿನಲ್ಲಿ ಗ್ರೀನ್ ಇದ್ದದ್ದು ರೆಡ್ ಆಯಿತು. ಅದರ ಕೆಳಗಿನದೂ ರೆಡ್ ಆಯಿತು. ಆದರೆ ಆಗಿದ್ದು ನನ್ನ ಫೋನಿನಲ್ಲಿ. ಕೋಗಿಲಿನಲ್ಲಿ ಏನಾಯಿತು ಎಂದು ಯಾರಿಗೆ ಗೊತ್ತು? ಅನ್ವರ್ ಫೋನನ್ನು ಅಂಗಿಯ ಜೇಬಿನಲ್ಲಿಟ್ಟು ಅಂಗಿಯನ್ನು ಗೋಡೆಗೆ ತಗುಲಿಹಾಕಿ ಕೆಲಸ ಮಾಡುತ್ತಾರೆ, ನಾನೇ ನೋಡಿದ್ದೇನೆ. ಜಾಕು ಬೀಳುವ ಸದ್ದಿನಲ್ಲಿ ಸೈರನ್ ಕೇಳೀತೇ?

ಮೇಲ್ಸೇತುವೆ ಇಳಿದ ಕೂಡಲೇ ಬಸ್ಸಿನಿಂದ ಹಾರಿ ಆಟೋ ಹಿಡಿದೆ. “ಅಣ್ಣಾ, ಕೋಗಿಲು. ಎಷ್ಟಾದ್ರೂ ಕೇಳು, ಬೇಗ ಹೋಗು” ಎಂದೆ. ನನ್ನ ಮುಖ ನೋಡಿ ಅವನು ಏನೂ ಕೇಳಲಿಲ್ಲ. ಕೊಡಿಗೇಹಳ್ಳಿ ಗೇಟ್, ಬ್ಯಾಟರಾಯನಪುರ, ಜಕ್ಕೂರು, ಎಲ್ಲ ಕಡೆಯೂ ಅನ್ವರ್‌ಗೆ ಫೋನ್ ಮಾಡುತ್ತಲೇ ಇದ್ದೆ. ಪ್ರತಿ ಸಲವೂ ರಿಂಗಾಗುತ್ತಿತ್ತು. ರಿಂಗಾಗುವವರೆಗೆ ಏನೂ ಆಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ, ಗೋಡೆಗೆ ತೂಗುಹಾಕಿದ ಅಂಗಿಯಲ್ಲಿ ಫೋನು ಯಾರಿದ್ದರೂ ಇಲ್ಲದಿದ್ದರೂ ರಿಂಗಾಗುತ್ತದೆ ಎಂದು ಹೊಳೆಯಿತು. ದೇವರೇ, ಇದೊಂದು ಸಲ ಅವರು ಕೆಲಸಗಳ್ಳರಾಗಿರಲಿ, ಟೀ ಕುಡಿಯಲು ಹೋಗಿರಲಿ, ಬೀಡಿ ಸೇದುತ್ತಾ ಕೂತಿರಲಿ ಎಂದು ಬೇಡಿಕೊಂಡೆ.

ಸೈಟಿನ ತಿರುವಿನಲ್ಲಿ ಆಟೋ ನಿಲ್ಲುವ ಮೊದಲೇ ಇಳಿದೆ. ಕಟ್ಟಡ ನಿಂತಿತ್ತು. ಆದರೆ ಒಳಗಿನಿಂದ ಒಂದು ಸದ್ದೂ ಇರಲಿಲ್ಲ. ಕೆಲಸ ನಡೆಯುವ ಸೈಟಿನಲ್ಲಿ ಸದ್ದಿಲ್ಲ ಎಂದರೆ ಏನರ್ಥ? ಬಾಗಿಲಿನ ಕಡೆ ನಡೆದೆ.

“ಅಕ್ಕಾರ, ಅಲ್ಲೇ ನಿಂದರ್ರೀ, ಒಳಗ ಹೋಗಬ್ಯಾಡ್ರಿ” ಎಂದು ಪಕ್ಕದಿಂದ ಯಾರೋ ಕೂಗಿದರು. ಈರವ್ವ. ಒಲೆಯ ಮೇಲಿನ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದುಕೊಂಡು ಹೊಂಗೆ ಮರದ ಕೆಳಗೆ ನಿಂತಿದ್ದಳು. ಅವಳ ಹಿಂದೆ ಆಳುಗಳು ಜಲ್ಲಿ ರಾಶಿಯ ಮೇಲೆ ಕೂತಿದ್ದರು. ಅನ್ವರ್ ಫೋನು ಕೈಯಲ್ಲಿ ಹಿಡಿದು ಎದ್ದು ನಿಂತರು.

ಇದ್ದಾರೆ. ಎಲ್ಲರೂ ಇದ್ದಾರೆ. ನಾನು ಅಲ್ಲೇ ಜಲ್ಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಈರವ್ವ ಬೆನ್ನು ಸವರಿದಳು.

ಬಾಗಿಲಿನಿಂದ ಇಣುಕಿ ನೋಡಿದರೆ ಒಂದು ಮೂಲೆಯಲ್ಲಿ ಮೂರು ಸಾಲು ಜಾಕು ಕೆಳಗೆ ಬಿದ್ದಿದ್ದವು. ಅವುಗಳ ಮೇಲೆ ಒಂದು ಹಲಗೆ ಅರ್ಧ ಕಳಚಿ ನೇತಾಡುತ್ತಿತ್ತು. ಇನ್ನೊಂದು ಸಾಲು ತೆಗೆದಿದ್ದರೆ ಎಂದು ಯೋಚಿಸಲೂ ಧೈರ್ಯ ಬರಲಿಲ್ಲ. ಯಜಮಾನರ ಫೋನ್ ಬಂತು. ಎಲ್ಲರೂ ಕ್ಷೇಮ ಎಂದೆ. ದೊಡ್ಡದಾಗಿ ಉಸಿರುಬಿಟ್ಟು, “ಬದುಕ್ಸಿದೆ ಕಣವ್ವ. ಅವ್ರಿಗೆ ಎಲ್ಡು ದಿನದ್ ಕೂಲಿ ಕೊಟ್ಟು ಸಂಜೀಕೆ ಮನೇಗ್ ಕಳ್ಸು” ಎಂದವರು, ಸ್ವಲ್ಪ ತಡೆದು, “ಆ ಟಿಕ್ ಈಗ ವಾಪಸ್ ಆಕ್ಲಾ?” ಎಂದರು. ಕೈ ಮುಗಿಯುತ್ತೇನೆ, ಅದನ್ನು ಮುಟ್ಟಬೇಡಿ ಎಂದು ಫೋನಿಟ್ಟೆ.

ಪ್ರದ್ಯುಮ್ನನನ್ನು ಫೋನಿನಲ್ಲಿ ಕೇಳಿಕೊಂಡು, ಹೊರಗಿನಿಂದ ಒಂದೊಂದೇ ಜಾಕು ಒಳಗೆ ತಳ್ಳುತ್ತಾ ಮತ್ತೆ ಆನಿಕೆ ಕೊಡುವ ಕೆಲಸ ಶುರುವಾಯಿತು. ಆಗ ನನ್ನ ಬುದ್ಧಿ ಸುಮ್ಮನಿರಬೇಕಲ್ಲ. ಅನ್ವರ್ ಮೇಲೆ ರೇಗಿದೆ.

“ಅಷ್ಟ್ ಸಲ ಫೋನ್ ಮಾಡಿದ್ನಲ್ಲ, ಕೇಳಿಸ್ಲಿಲ್ವಾ?”

“ಕೇಳಿಸ್ತು ಮೇಡಂ.”

“ಮತ್ತೆ ಯಾಕ್ ತೆಗೀಲಿಲ್ಲ?”

ಅನ್ವರ್ ನೆಲ ನೋಡಿದರು. “ಯಜಮಾನ್ರು ಹೇಳಿದ್ರು ಅಂತ ರಾಹುಕಾಲ ಮುಗ್ದ ಮೇಲೆ ಶುರು ಮಾಡಿದ್ದು, ಇವತ್ತು ಸ್ವಲ್ಪ ಲೇಟ್ ಆಗಿತ್ತು. ಬೈಯೋಕೆ ಮಾಡ್ತಿದೀರ ಅಂದ್ಕೊಂಡೆ. ಆಮೇಲೆ ಸೈರನ್ ಕೂಗ್ತು, ರೆಡ್ ಬಂತು. ತಕ್ಷಣ ಎಲ್ರನ್ನೂ ಆಚೆ ಕಳಿಸ್ದೆ.”

ನನ್ನ ದನಿ ತಗ್ಗಿತು. “ಜಾಕ್ ಬಿಚ್ಚೋವಾಗ ಮೋಲ್ಡ್ ಹಸಿ ಇದೆ ಅಂತ ಗೊತ್ತಾಗ್ಲಿಲ್ವಾ ಅನ್ವರ್? ಇಷ್ಟು ವರ್ಷದಿಂದ ಮಾಡ್ತಿದೀರಿ.”

“ಅನುಮಾನ ಬಂತು ಮೇಡಂ. ನೀರು ತೊಟ್ಟಿಕ್ತಿತ್ತು, ಬಣ್ಣಾನೂ ಕಪ್ಪಗಿತ್ತು. ಮೊದ್ಲ ಜಾಕ್ ನಾನೇ ಬಿಚ್ದೆ, ಆಳುಗಳನ್ನ ದೂರ ನಿಲ್ಸಿ.”

“ಅನುಮಾನ ಬಂದಮೇಲೆ ಒಂದ್ ಫೋನ್ ಮಾಡೋದಲ್ವಾ ನಂಗೆ?”

ಅವರು ಯಾಕೆ ಫೋನ್ ಮಾಡಲಿಲ್ಲ ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು, ಅಲ್ಲಿದ್ದ ಆಳುಗಳಿಗೂ ಗೊತ್ತಿತ್ತು.

“ಇನ್ಮೇಲೆ ಅನುಮಾನ ಬಂದ್ರೆ ಗ್ರೀನ್ ಇದ್ರೂ ನಿಲ್ಸಿ” ಎಂದೆ. “ಯಾವ್ ಹೊತ್ತಲ್ಲಾದ್ರೂ ಫೋನ್ ಮಾಡಿ. ನಾನು ಬೈಯಲ್ಲ.”

ಅನ್ವರ್ ತಲೆಯಾಡಿಸಿದರು. ಒಂದು ಜಾಕನ್ನು ಹೆಗಲಿಗೇರಿಸಿಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತು, ಒಂದು ಚೂರೂ ವ್ಯಂಗ್ಯವಿಲ್ಲದೆ, ನಿಜವಾಗಿಯೂ ಮರ್ಯಾದೆಯಿಂದಲೇ ಕೇಳಿದರು:

“ಅದನ್ನೂ ಕ್ಯಾಲೆಂಡರ್‌ನಲ್ಲಿ ಹಾಕ್ಬಿಡ್ತೀರಾ ಮೇಡಂ?”