ಮಾರ್ಗರೆಟ್ ಬಲಕ್ಕೆ ತಿರುಗಿದ್ದು

ಮಾರ್ಗರೆಟ್ ನನ್ನ ಗಂಡ ಧನರಾಜ್ ಅವರ ದೋಣಿಯ ಹೆಸರು. ಇಪ್ಪತ್ಮೂರು ಅಡಿ ಉದ್ದದ ಹಳೆಯ ಹಾಯಿದೋಣಿ. ಮೆಲ್ಬರ್ನ್‌ನ ಡ್ಯಾಂಡಿನಾಂಗಿನ ಗೋದಾಮಿನಲ್ಲಿ ಇವರ ಜೊತೆ ಕೆಲಸ ಮಾಡುತ್ತಿದ್ದ ಮುದುಕನೊಬ್ಬ ಅದಕ್ಕೆ ತನ್ನ ಹೆಂಡತಿಯ ಹೆಸರಿಟ್ಟಿದ್ದ. ಆಕೆ ತೀರಿಕೊಂಡ ಮೇಲೆ ದೋಣಿಯ ಮುಖ ನೋಡಲಾರದೆ ಇವರಿಗೆ ದಾಟಿಸಿದ. ಹೆಸರು ಬದಲಿಸೋಣ ಎಂದರೆ ಧನರಾಜ್ ಒಪ್ಪಲಿಲ್ಲ. ಇವರು ಮಲ್ಪೆಯ ಮೀನುಗಾರರ ಮನೆಯವರು. ದೋಣಿಯ ಹೆಸರು ಅಳಿಸುವುದು ಒಳ್ಳೆಯದಲ್ಲವಂತೆ. ಕ್ರೇಗಿಬರ್ನ್‌ನ ನಮ್ಮ ಮನೆಯ ಅಂಗಳದಲ್ಲಿ ಅದನ್ನು ಟ್ರೇಲರ್ ಮೇಲೆ ನಿಲ್ಲಿಸಿಕೊಂಡು, ಭಾನುವಾರ ಬಂತೆಂದರೆ ಉಜ್ಜಿ ತೊಳೆದು, "ಎಂತ ಮಾರ್ಗರೆಟ್, ಸೌಖ್ಯವಾ?" ಎಂದು ಮಾತಾಡಿಸುತ್ತಿದ್ದರು. ನನ್ನನ್ನು ಆ ದನಿಯಲ್ಲಿ ಮಾತಾಡಿಸಿ ಐದು ತಿಂಗಳಾಗಿತ್ತು.

ಐದು ತಿಂಗಳ ಹಿಂದೆ ನಮ್ಮ ಒಬ್ಬಳೇ ಮಗಳು ವಿಜೇತಾ ಗಂಡನನ್ನು ಬಿಟ್ಟು ಬಂದಳು. ಆಗ ಅವಳು ನಾಲ್ಕು ತಿಂಗಳ ಬಸುರಿ. ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನರ್ಸ್ ಆಗಿದ್ದಾಳೆ. ಸ್ಟೇಷನ್ ಹತ್ತಿರ ಒಂದು ಫ್ಲ್ಯಾಟ್ ರೆಂಟ್ ಮಾಡಿಕೊಂಡು ಒಬ್ಬಳೇ ಇರತೊಡಗಿದಳು. ಅಳಿಯ ಜಯೇಶ್ ಹೊಡೆದವನಲ್ಲ, ಕುಡಿದವನಲ್ಲ. ಅವಳ ಫೋನು ಅವನ ಕೈಯಲ್ಲಿರಬೇಕು, ಅವಳ ಡ್ಯೂಟಿಯ ಪಟ್ಟಿ ಅವನು ನೋಡಿ ಸರಿ ಅನ್ನಬೇಕು, ನನ್ನ ಜೊತೆ ಮಾತಾಡುವಾಗ ಸ್ಪೀಕರ್ ಹಾಕಬೇಕು. ಎರಡು ವರ್ಷ ಹೀಗೆ ಕಳೆದಿದ್ದಳು. ಆದರೆ ಜಯೇಶ್ ಇವರ ಹಳೆಯ ಸ್ನೇಹಿತ ಯಾದವ ಅವರ ಮಗ. ಸಂಬಂಧ ತಂದವರೂ ಇವರೇ. ತುಳುವರ ಕೂಟದಲ್ಲಿ ಎಲ್ಲರೆದುರು "ನನ್ನ ಅಳಿಯ ಚಿನ್ನ" ಎಂದು ಹೇಳಿಕೊಂಡವರೂ ಇವರೇ. ಅದಕ್ಕೆ ಮಗಳಿಗೆ ಫೋನಿನಲ್ಲಿ, "ಅವನ ಮನೆಗೆ ವಾಪಸು ಹೋಗುವ ತನಕ ನನಗೆ ಕಾಲ್ ಮಾಡುವುದು ಬೇಡ" ಎಂದುಬಿಟ್ಟರು. ಅವಳು ಮಾಡಲಿಲ್ಲ. ಅವಳೂ ಇವರದೇ ರಕ್ತ.

ಮಗು ತಿರುಗಿ ಕೂತಿದೆ, ಆಪರೇಷನ್ ಮಾಡಿಯೇ ತೆಗೆಯಬೇಕು ಎಂದರು ಡಾಕ್ಟರು. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಎಂದು ದಿನವೂ ಗೊತ್ತಾಯಿತು. ನಾನು ಗುರುವಾರಕ್ಕೆ ಮೆಲ್ಬರ್ನ್‌ನಿಂದ ಸಿಡ್ನಿಗೆ ಫ್ಲೈಟ್ ಬುಕ್ ಮಾಡಿದೆ. ಅಂಟಿನುಂಡೆ ಕಟ್ಟಿ ಡಬ್ಬಿ ತುಂಬಿದೆ. ಇದನ್ನೆಲ್ಲ ನೋಡುತ್ತಾ ಸುಮ್ಮನಿದ್ದ ಧನರಾಜ್ ಒಂದು ದಿನ ಚಹಾ ಲೋಟ ಕೆಳಗಿಟ್ಟು ಹೇಳಿದರು:

"ಹತ್ತು ದಿನ ನನ್ನ ಜೊತೆ ದೋಣಿಯಲ್ಲಿ ಬಾ. ಸೇಲ್ ಊರಿನ ಕಾಲುವೆಯಿಂದ ಹೊರಟು ಸರೋವರಗಳನ್ನೆಲ್ಲ ದಾಟಿ ಪೇನ್ಸ್‌ವಿಲ್ ತನಕ. ಬುಧವಾರ ನಾನೇ ಬಸ್ ಹತ್ತಿಸ್ತೇನೆ. ಆಮೇಲೆ ಅಲ್ಲಿ ಎಷ್ಟು ತಿಂಗಳು ಬೇಕಾದರೂ ಇರು, ನಾನು ಎಂತ ಹೇಳುವುದಿಲ್ಲ."

ನೀರಿನ ಮೇಲೆ ಇವರ ಮನಸ್ಸು ಮೆತ್ತಗಾದೀತು, ಬುಧವಾರ ಇಬ್ಬರೂ ಬಸ್ ಹತ್ತಿಯೇವು ಎಂಬ ಆಸೆ ನನಗೆ. ಒಪ್ಪಿಕೊಂಡೆ.

ನಾನು ಚಿತ್ರದುರ್ಗದ ಕಡೆಯವಳು. ಈಜು ಬಾರದು. ಮೊದಲ ದಿನವೇ ಕಾಲುವೆಯಲ್ಲಿ ಇವರು ಪೋರ್ಟ್, ಸ್ಟಾರ್‌ಬೋರ್ಡ್ ಎಂದು ಕೂಗಿದಾಗಲೆಲ್ಲ ನಾನು ತಪ್ಪು ಕಡೆಗೇ ತಿರುಗಿಸಿದೆ. ಕೊನೆಗೆ ಹಣೆ ಚಚ್ಚಿಕೊಂಡು, "ಆಯ್ತು, ಎಡ ಬಲ ಅಂತಲೇ ಹೇಳ್ತೇನೆ. ಅದಾದರೂ ಗೊತ್ತುಂಟಾ?" ಎಂದರು. ಅದಕ್ಕೂ ಒಂದು ತೊಡಕಿತ್ತು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿ ಬಲಕ್ಕೆ ಹೋಗುತ್ತದೆ.

"ಏನ್ರೀ ಇದು, ಈ ಕಡೆ ತಳ್ಳಿದ್ರೆ ಆ ಕಡೆ ಹೋಗುತ್ತಲ್ಲ? ಥೇಟ್ ನಿಮ್ಮ ಥರಾನೇ."

"ಬಾಯಿ ಮುಚ್ಚಿ ಹಿಡ್ಕೋ. ನೀರು ನೋಡಿದವಳಾ ನೀನು?"

"ನೀರು ನೋಡಿಲ್ಲ, ಸರಿ. ಮಗಳ ಮುಖ ನೋಡಿದೀನಿ."

ಹೀಗೆಯೇ ನಡೆಯಿತು ನಮ್ಮ ಯಾತ್ರೆ. ಕಾಲುವೆ ಮುಗಿದು ನದಿ ಬಂತು. ನದಿ ಮುಗಿದು ವೆಲಿಂಗ್ಟನ್ ಸರೋವರ. ಕಂದು ನೀರು, ಆಳವಿಲ್ಲ, ಆದರೆ ಗಾಳಿ ಬೀಸಿತೆಂದರೆ ಬಾಣಲೆಯಲ್ಲಿ ಎಣ್ಣೆ ಕೊತಗುಟ್ಟಿದ ಹಾಗೆ ಕುದಿಯುತ್ತದೆ. ಅದನ್ನು ದಾಟಿದರೆ ಮತ್ತೊಂದು ಕಿರಿದಾದ ಜಲದಾರಿ, ಎರಡೂ ಕಡೆ ಜೊಂಡು. ಅದರಾಚೆ ವಿಕ್ಟೋರಿಯಾ ಸರೋವರ. ಕಪ್ಪು ಹಂಸಗಳು ಹಿಂಡು ಹಿಂಡಾಗಿ ತೇಲುತ್ತಿದ್ದವು. ಬೇರೆ ಗಂಡ ಹೆಂಡತಿ ಆಗಿದ್ದರೆ ಅವನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದರೇನೋ. ನಾನು ಎಡಗಡೆ ನೋಡಿದರೆ ಇವರು ಬಲಗಡೆ ನೋಡುತ್ತಿದ್ದರು. ಚಾಪೆಯಷ್ಟು ಜಾಗದಲ್ಲಿ ಇಬ್ಬರು ಮುನಿಸಿಕೊಂಡು ಬದುಕುವುದು ಸುಲಭವಲ್ಲ. ಸ್ಟೋವ್ ಹಚ್ಚಲು ನಾನು ಬಗ್ಗಿದರೆ ಇವರು ಮೊಣಕಾಲು ಮಡಚಬೇಕು. ಇವರು ಮಡಚುತ್ತಿರಲಿಲ್ಲ. ನಾನು ಸಾರಿಗೆ ಉಪ್ಪು ಕಡಿಮೆ ಹಾಕಿದರೆ, "ಇದೆಂತ, ಆಸ್ಪತ್ರೆ ಊಟವಾ?" ಎನ್ನುವರು. ಬಿಪಿ ಇರುವುದು ಯಾರಿಗೆ ಎಂದು ನಾನು ಕೇಳುವೆ. "ಬಿಪಿ ಬಂದದ್ದು ಯಾರಿಂದ?" ಎಂದು ಇವರು ಕೇಳುವರು.

ಅಂಟಿನುಂಡೆಯ ಡಬ್ಬಿ ಮಾತ್ರ ದಿನದಿನಕ್ಕೆ ಹಗುರಾಗುತ್ತಿತ್ತು.

"ಅದು ಬಾಣಂತಿಗೆ ಮಾಡಿದ್ದು ಕಣ್ರೀ."

"ಇಲಿ ತಿಂದಿರಬೇಕು."

"ಹಲ್ಲು ಕಟ್ಟಿಸಿಕೊಂಡ ಇಲಿ."

ನಗು ಬಂದರೂ ಇವರು ನಗಲಿಲ್ಲ. ಮುಖ ತಿರುಗಿಸಿಕೊಂಡು ಹಗ್ಗ ಬಿಗಿದರು.

ಏಳನೆಯ ದಿನ ವಿಜೇತಾಳ ಫೋನ್ ಬಂತು. ಸಿಗ್ನಲ್ ಬಂದು ಬಂದು ಹೋಗುತ್ತಿತ್ತು. ನಾನು ಕನ್ನಡದಲ್ಲಿ, ಅವಳು ಮುಕ್ಕಾಲು ಇಂಗ್ಲಿಷಿನಲ್ಲಿ, ಯಾವಾಗಿನ ಹಾಗೆ.

"ಅಮ್ಮಾ, ಆರ್ ಯು ಕಮಿಂಗ್ ಆರ್ ನಾಟ್? ಆಪರೇಷನ್ ಟೈಮಲ್ಲಿ ಜೊತೆಗಿರೋ ಸಪೋರ್ಟ್ ಪರ್ಸನ್ ಯಾರು ಅಂತ ಹಾಸ್ಪಿಟಲ್ಲಲ್ಲಿ ಕೇಳ್ತಿದಾರೆ. ಐ ಹ್ಯಾವ್ ಟು ಗಿವ್ ದೆಮ್ ಎ ನೇಮ್."

"ನನ್ನ ಹೆಸರು ಕೊಡೇ. ಚಂದ್ರಪ್ರಭಾ ಅಂತ ಬರೆಸು. ಗುರುವಾರ ಸಂಜೆಗೆ ನಿನ್ನ ಅಡುಗೆಮನೇಲಿರ್ತೀನಿ."

ಆಮೇಲೆ ಅವಳು ಕೇಳಿದಳು: "ಈಸ್ ಅಪ್ಪ ದೇರ್?"

ಇವರು ಎರಡು ಮೊಳ ದೂರದಲ್ಲಿ ಕೂತಿದ್ದರು. ಕೇಳಿಸಿತು. ಎದ್ದು ಮುಂದಕ್ಕೆ ಹೋಗಿ, ಸರಿಯಾಗಿಯೇ ಇದ್ದ ಗಂಟನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು.

ಇವರೇ ಒಂದು ಕಾಲದಲ್ಲಿ ಆ ಮಗಳಿಗಾಗಿ ಕೆಲಸದಿಂದ ಓಡಿ ಬರುತ್ತಿದ್ದರು. ಬಾಗಿಲಲ್ಲೇ ಮೊಣಕಾಲೂರಿ, ಎರಡೂ ಕೈ ಚಾಚಿ, "ಬಲ ಮಗಾ, ಬಲ" ಎಂದು ತುಳುವಿನಲ್ಲಿ ಕರೆಯುತ್ತಿದ್ದರು. ಬಲ ಎಂದರೆ ಬಾ ಎಂದು. ಅವಳು ಬಿದ್ದು ಎದ್ದು ಓಡುತ್ತಿದ್ದಳು. ನನ್ನ ಜೊತೆ ಇವರದು ಯಾವಾಗಲೂ ಕನ್ನಡ. ಇಪ್ಪತ್ತೆಂಟು ವರ್ಷದಲ್ಲಿ ಆ ಶಬ್ದದಿಂದ ನನ್ನನ್ನು ಒಮ್ಮೆಯೂ ಕರೆದವರಲ್ಲ. ಅದು ಅವಳಿಗೇ ಮೀಸಲು.

ಸೋಮವಾರ ಪೇನ್ಸ್‌ವಿಲ್ ಕಣ್ಣಿಗೆ ಬಿತ್ತು. ದಡದಲ್ಲಿ ಅಂಗಡಿ, ಬಸ್ ಸ್ಟಾಪ್, ಎದುರಿನ ದ್ವೀಪಕ್ಕೆ ಹೋಗುವ ಫೆರ್ರಿ, ಎಲ್ಲ ಕಂಡವು. ಇವರು ನಿಲ್ಲಿಸಲಿಲ್ಲ. "ಇನ್ನೂ ಎರಡು ದಿನ ಉಂಟಲ್ಲ, ಮಿಚೆಲ್ ನದಿ ನೋಡಿ ಬರುವ" ಎಂದರು. ನದಿ ಸರೋವರ ಸೇರುವಲ್ಲಿ ಎರಡು ಮಣ್ಣಿನ ದಂಡೆಗಳು ಮೈಲಿಗಟ್ಟಲೆ ನೀರಿನೊಳಕ್ಕೆ ಚಾಚಿಕೊಂಡಿವೆ. ನದಿ ಅವುಗಳ ನಡುವೆ ಓಣಿಯ ಹಾಗೆ ಹರಿಯುತ್ತದೆ. ಆ ಓಣಿಯಲ್ಲಿ ಮೇಲಕ್ಕೆ ಹೋಗಿ ಈಗಲ್ ಪಾಯಿಂಟ್ ಎಂಬಲ್ಲಿ ದೋಣಿ ಕಟ್ಟಿದೆವು. ಮಂಗಳವಾರ ಎಂಜಿನ್ ಕೆಟ್ಟಿದೆ ಎಂದರು. ಸಂಜೆಯತನಕ ಅದರ ಮುಂದೆ ಕೂತಿದ್ದರು, ಕೈಗೆ ಮಾತ್ರ ಒಂದು ಹನಿ ಎಣ್ಣೆ ಹತ್ತಲಿಲ್ಲ.

ಬುಧವಾರ ಬೆಳಿಗ್ಗೆ ನಾನು ಚೀಲ ತುಂಬಿಕೊಂಡು ಸಿದ್ಧಳಾದೆ. "ಹನ್ನೊಂದು ಗಂಟೆಗೆ ಇಲ್ಲಿಂದಲೇ ಬೇರ್ನ್ಸ್‌ಡೇಲ್‌ಗೆ ಬಸ್ ಇದೆ. ಅಲ್ಲಿಂದ ಟ್ರೇನು. ಇಳಿದುಬಿಡ್ತೀನಿ."

"ಮಾತು ಕೊಟ್ಟದ್ದು ಪೇನ್ಸ್‌ವಿಲ್‌ಗೆ. ಅಲ್ಲೇ ಹತ್ತಿಸ್ತೇನೆ. ಒಂದು ಗಂಟೆ ದಾರಿ ಅಷ್ಟೆ."

ಎಂಜಿನ್ ಒಂದೇ ಎಳೆತಕ್ಕೆ ಗುರ್ ಎಂದಿತು. ನಾನು ಇವರ ಮುಖ ನೋಡಿದೆ. ಇವರು ಹಾಯಿ ನೋಡಿದರು.

ಓಣಿಯಲ್ಲಿ ಕೆಳಕ್ಕೆ ಹೊರಟೆವು. ಚುಕ್ಕಾಣಿ ನನ್ನ ಕೈಗೆ ಕೊಟ್ಟು ಇವರು ಮುಂದಿನ ಹಾಯಿ ಬಿಚ್ಚಲು ಹೋದರು. ಗಾಳಿ ಏಳುತ್ತಿತ್ತು.

"ರೀ, ಹೊರಗೆ ಹೋದ ಮೇಲೆ ಯಾವ ಕಡೆ?"

"ಎಡ."

"ಪೇನ್ಸ್‌ವಿಲ್ ಬಲಕ್ಕಲ್ವಾ? ಬರುವಾಗ ಎಡಕ್ಕೆ ತಿರುಗಿ ಒಳಗೆ ಬಂದ್ವಲ್ಲ."

"ಗಾಳಿ ನೋಡಿಕೊಂಡು ಸುತ್ತು ಹಾಕಬೇಕು. ನಿನಗೆ ಅರ್ಥ ಆಗುವುದಿಲ್ಲ."

ನನಗೆ ಅರ್ಥವಾಗತೊಡಗಿತ್ತು. ಎಡಕ್ಕೆ ಹೋದರೆ ದೊಡ್ಡ ಸರೋವರ, ಅದರಾಚೆ ಮೆಟಂಗ್ ಎಂಬ ಊರು. ಅಲ್ಲಿ ಹೋಗಿ ಗಾಳಿ ಜಾಸ್ತಿ, ಎಂಜಿನ್ ಸರಿಯಿಲ್ಲ ಎಂದು ಕೂತರೆ ಶುಕ್ರವಾರವೂ ಬರುತ್ತದೆ, ಹೋಗುತ್ತದೆ. ಒಂದು ಹೆಸರು ಕೊಡಬೇಕು ಎಂದು ಕೇಳಿದ್ದಳಲ್ಲ ಮಗಳು, ನಾನು ನನ್ನ ಹೆಸರು ಕೊಟ್ಟಿದ್ದೆ.

ಆಗಲೇ ಹಾಯಿಯ ಹಗ್ಗ ಎಲ್ಲೋ ಸಿಕ್ಕಿಕೊಂಡಿತು. ಬಟ್ಟೆ ಪಟಪಟ ಬಡಿದು ಇವರ ಮುಖಕ್ಕೇ ಅಪ್ಪಳಿಸಿತು. ಅದರೊಳಗಿಂದ ಇವರು ಕಿರುಚಿದರು:

"ಬಲ! ಬಲ! ಬೇಗ ಬಲ!"

ಬಲ! ಮನಸ್ಸು ಬದಲಾಯಿತು, ಪೇನ್ಸ್‌ವಿಲ್‌ಗೇ ಹೋಗೋಣ ಅನ್ನುತ್ತಿದ್ದಾರೆ! ಎಂದೂ ಇಲ್ಲದಷ್ಟು ಚುರುಕಾಗಿ, ಒಂದೂ ತಪ್ಪಿಲ್ಲದೆ, ಹಿಡಿಯನ್ನು ಎಡಕ್ಕೆ ತಳ್ಳಿದೆ. ಮಾರ್ಗರೆಟ್ ಬಲಕ್ಕೆ ತಿರುಗಿದಳು. ಆದರೆ ಓಣಿ ಇನ್ನೂ ಮುಗಿದಿರಲಿಲ್ಲ. ಎದುರಿಗೆ ದಂಡೆ. ಅಡಿಯಲ್ಲಿ ಏನೋ ಮೆತ್ತಗೆ ಉಜ್ಜಿದಂತಾಗಿ ದೋಣಿ ಕೆಸರಲ್ಲಿ ಕೂತು ಪಕ್ಕಕ್ಕೆ ವಾಲಿತು. ಸ್ಟೋವ್ ಮೇಲಿದ್ದ ಪಾತ್ರೆ ಉರುಳಿತು.

ಧನರಾಜ್ ಹಾಯಿಯೊಳಗಿಂದ ತಲೆ ಹೊರಗೆ ಹಾಕಿದರು.

"ಎಂತ ಮಾಡಿದೆ? ಹಗ್ಗ ಹಿಡೀಲಿಕ್ಕೆ ಬಾ ಅಂತ ಕರೆದದ್ದು! ಬಲ, ಬಲ!"

"ಹತ್ತು ದಿನದಿಂದ ಎಡ ಬಲ ಅಂತ ತಲೆಗೆ ತುಂಬಿದೋರು ನೀವೇ. ಬಲ ಅಂದ್ರೆ ಬಲಕ್ಕೆ ತಿರುಗಿಸಿದೆ."

"ಇಪ್ಪತ್ತೆಂಟು ವರ್ಷದಲ್ಲಿ ಒಂದು ತುಳು ಶಬ್ದ ಕಲೀಲಿಲ್ಲವಾ ನೀನು?"

"ಆ ಶಬ್ದ ಗೊತ್ತು ರೀ. ನೀವು ನನ್ನನ್ನ ಕರೀತೀರ ಅಂತ ಗೊತ್ತಿರಲಿಲ್ಲ."

ದಂಡೆಯ ಮೇಲೆ ಕುರ್ಚಿ ಹಾಕಿಕೊಂಡು ಗಾಳ ಬಿಟ್ಟಿದ್ದ ಮುದುಕನೊಬ್ಬ ಎದ್ದು ನಿಂತು ಕೈಯಾಡಿಸಿದ. "ಯೂ ರೈಟ್ ದೇರ್, ಮೇಟ್?"

"ಟೂ ಮಚ್ ರೈಟ್!" ಎಂದು ಇವರು ಅರಚಿದರು. "ಆಸ್ಕ್ ಮೈ ವೈಫ್!"

ಮುದುಕನಿಗೆ ಏನೂ ತಿಳಿಯದೆ, ಎಳೆಯುವ ದೋಣಿಗೆ ಫೋನ್ ಮಾಡುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಬಂದಾರು ಎಂದ. ಇವರು ಕೂತುಬಿಟ್ಟರು. ಆ ಮಧ್ಯಾಹ್ನ ಎಂಬ ಮಾತು ಕೇಳಿ ಇವರ ಹುಬ್ಬು ಸಡಿಲವಾದದ್ದು ನನಗೆ ಕಂಡಿತು.

"ಸರಿ ಹೋಯ್ತಲ್ಲ ನಿಮಗೆ," ಎಂದೆ. "ಬೇಕಾಗಿದ್ದೂ ಇದೇ."

"ಹೌದು, ಇದೇ!" ಧ್ವನಿ ಏರಿತು. "ನೀನು ಅಲ್ಲಿ ಹೋಗಿ ಸೆರಗಲ್ಲಿ ಮುಚ್ಚಿಟ್ಟುಕೊಂಡರೆ ಅವಳಿಗೆ ಬುದ್ಧಿ ಬರುವುದು ಯಾವಾಗ? ಒಬ್ಬಳೇ ಆದರೆ ಶುಕ್ರವಾರ ಜಯೇಶನನ್ನು ಕರೀಲೇಬೇಕು. ಅವನು ಸಿಡ್ನಿಯಲ್ಲೇ ಕಾಯ್ತಾ ಇದ್ದಾನೆ. ನಾನು ಹೇಳಿದ್ದೇನೆ ಅವನಿಗೆ, ನೀನು ಬರುವುದಿಲ್ಲ ಅಂತ."

ಅಂದರೆ ಈ ಕಾಲುವೆ, ಈ ಸರೋವರ, ಈ ಹಂಸಗಳು, ಎಲ್ಲವೂ ನನ್ನನ್ನು ಕೂಡಿಹಾಕಲು ಕಟ್ಟಿದ ಬೇಲಿ. ಹೊಟ್ಟೆ ಕೊಯ್ಯುವ ದಿನ ನನ್ನ ಮಗಳು ಹೆದರಿ ಆ ಹುಡುಗನ ಹೆಸರು ಹೇಳಲಿ ಎಂದು ಕಾಯುತ್ತಾ, ಅವಳ ಡಬ್ಬಿಯ ಉಂಡೆಯನ್ನೇ ತಿನ್ನುತ್ತಾ ಕೂತಿದ್ದರು.

ನನಗೆ ಕೂಗಲು ಬರುವುದಿಲ್ಲ. ಒಳಗೆ ಹೋದೆ. ಉರುಳಿದ ಪಾತ್ರೆ ಎತ್ತಿಟ್ಟು, ಚೆಲ್ಲಿದ್ದನ್ನು ಒರೆಸಿದೆ. ಚೀಲ ಹೆಗಲಿಗೆ ಹಾಕಿಕೊಂಡು, ಉಂಡೆಯ ಡಬ್ಬಿ ತೆಗೆದುಕೊಂಡು ಹೊರಗೆ ಬಂದೆ.

"ಬಿಪಿ ಮಾತ್ರೆ ಎಡಗಡೆ ಡ್ರಾಯರ್‌ನಲ್ಲಿದೆ. ಅನ್ನ ಡಬ್ಬಿಲಿದೆ. ಸಾರು ಚೆಲ್ಲಿಹೋಯ್ತು, ಮೊಸರಲ್ಲಿ ತಿನ್ನಿ."

"ಎಲ್ಲಿಗೆ? ಈಜು ಬರುವುದಿಲ್ಲ ನಿನಗೆ!"

"ನಿಮ್ಮ ಮಾರ್ಗರೆಟ್ ಕೂತಿರೋದು ಕೆಸರಲ್ಲಿ. ಈಜೋದು ಬೇಕಾಗಲ್ಲ."

ದೋಣಿಯ ಅಂಚಿನಿಂದ ಇಳಿದೆ. ನೀರು ತೊಡೆಯವರೆಗೆ ಬಂತು. ಕೊರೆಯುವ ತಣ್ಣನೆ ನೀರು, ಅಡಿಯಲ್ಲಿ ಕೆಸರು ಕಾಲನ್ನು ಹಿಡಿದು ಹೀರಿತು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಡಬ್ಬಿಯನ್ನು ತಲೆಯ ಮೇಲಿಟ್ಟುಕೊಂಡೆ. ಹದಿನೈದು ಹೆಜ್ಜೆ ಇದ್ದಿರಬಹುದು. ಮುದುಕ ಗಾಳ ಬಿಟ್ಟು ಓಡಿ ಬಂದು ಕೈ ಕೊಟ್ಟು ಮೇಲಕ್ಕೆಳೆದುಕೊಂಡ. ಈಗಲ್ ಪಾಯಿಂಟಿನ ಬಸ್ಸಿಗೆ ಎಷ್ಟು ದೂರ ಎಂದು ಕೇಳಿದೆ. ಮೂರು ಕಿಲೋಮೀಟರ್ ಎಂದ. ಗಂಟೆ ಒಂಬತ್ತೂಮುಕ್ಕಾಲು.

ತಿರುಗಿ ನೋಡಿದೆ. ವಾಲಿದ ದೋಣಿಯಲ್ಲಿ ಇವರು ಹಾಯಿಕಂಬ ಹಿಡಿದು ನಿಂತಿದ್ದರು.

"ಫೋನ್ ನಿಮ್ಮ ಜೇಬಲ್ಲೇ ಇದೆ," ಎಂದು ಕೂಗಿದೆ. ಅಷ್ಟು ಗಟ್ಟಿಯಾಗಿ ನಾನು ಕೂಗಿದ್ದು ಅದೇ ಮೊದಲು. "ಆ ಶಬ್ದ ನಂಗಲ್ಲ, ಅವಳಿಗೆ ಹೇಳಿ. ಜಯೇಶಂಗಲ್ಲ, ಅವಳಿಗೆ."

ಇವರ ಕೈ ಜೇಬಿಗೆ ಹೋಗುತ್ತದೆಯೇ ಎಂದು ಒಂದು ಗಳಿಗೆ ಕಾದೆ. ಕಂಬವನ್ನು ಬಿಡಲಿಲ್ಲ.

ದಂಡೆಯ ಮೇಲೆ ಒಂದೇ ಒಂದು ಜಲ್ಲಿರಸ್ತೆ. ಎಡಕ್ಕೆ ಹೋದರೆ ದಂಡೆ ತೆಳ್ಳಗಾಗುತ್ತಾ ನೀರಿನಲ್ಲಿ ಮುಗಿದುಹೋಗುತ್ತದೆ. ಬಲಕ್ಕೆ ಬಸ್ಸು, ಟ್ರೇನು, ವಿಮಾನ, ವೆಸ್ಟ್‌ಮೀಡ್. ಉಳಿದ ಚಪ್ಪಲಿಯನ್ನೂ ಬಿಚ್ಚಿ ಮುದುಕನ ಕುರ್ಚಿಯ ಪಕ್ಕ ಇಟ್ಟೆ.

ಹಿಂದಿನಿಂದ ಕೂಗು ಕೇಳಿತು. ಈ ಸಲ ಅದರಲ್ಲಿ ಸಿಟ್ಟು ಎಷ್ಟು, ಹೆದರಿಕೆ ಎಷ್ಟು, ಹೇಳಲಾರೆ.

"ಬಲ! ಪ್ರಭಾ, ಬಲ!"

ನಾನು ಬಲಕ್ಕೆ ತಿರುಗಿ ನಡೆದೆ.