ಕೂಸಿನ ಉಡದಾರ

ಎಳೆ ಹೊಸೆದು ಹೊಸೆದು ಮಹಾನಂದಾಳ ಬೆರಳ ತುದಿಗಳು ಒಡೆದಿದ್ದವು. ರಕ್ತ ಬಂದರೆ ಬಾಯಲ್ಲಿಟ್ಟು ಚೀಪಬೇಕು, ರೇಷ್ಮೆಗೆ ತಾಗಬಾರದು. ಇಳಕಲ್ಲ ಸೀರೆಯ ಮೈಗೆ ಸೆರಗನ್ನು ಎಳೆ ಎಳೆಯಾಗಿ ಕೂಡಿಸುವ ಕೆಲಸ ಅವಳದು, ಅವಳ ಅತ್ತೆ ರತ್ನವ್ವನದು, ಓಣಿಯ ಹೆಂಗಸರದು. ಕೂಡಿಸದಿದ್ದರೆ ಸೀರೆಗೆ ಸೆರಗೇ ಇಲ್ಲ. ಆದರೂ ಗೋವಿಂದಪ್ಪ ಸಾವಕಾರ ಅದನ್ನು ‘ಹೆಂಗಸರ ಕೈಯಾಟ’ ಅನ್ನುತ್ತಿದ್ದ.

ನೂಲು ಅವನದು. ತೂಗಿ ಕೊಡುತ್ತಿದ್ದ, ತೂಗಿ ತಕ್ಕೊಳ್ಳುತ್ತಿದ್ದ. ಕತ್ತರಿಸಿ ಉಳಿದ ತುಂಡೆಳೆಗಳನ್ನೂ ಚೀಲ ತುಂಬಿ ಒಪ್ಪಿಸಬೇಕು. ಆಮೇಲೆ ಅವು ಅವನ ಹಿತ್ತಲಲ್ಲಿ ಮಳೆಗೆ ಕೊಳೆಯುತ್ತಿದ್ದವು. ಜಿಪುಣನ ಮನೆಯಲ್ಲಿ ಕಸಕ್ಕೂ ಕಾವಲು.

ಅವತ್ತು ಬೆಂಗಳೂರಿನ ಮೇಡಂ ಒಬ್ಬರು ಕ್ಯಾಮೆರಾ ಹಿಡಿದು ಸಾವಕಾರನ ಮಗ್ಗದ ಮನೆಗೆ ಬಂದರು.

“ನಿಮ್ಮಲ್ಲಿ ಏನೂ ವೇಸ್ಟ್ ಆಗಲ್ವಾ?”

“ಒಂದ ಎಳಿ ದಂಡ ಆಗೂದಿಲ್ರಿ. ಕೊಟ್ಟ ತೂಕ ತಿರಗಿ ಬರಬೇಕು. ಸೀರಿ ಆಗಿ ಬರಲಿ, ಕಸ ಆಗಿ ಬರಲಿ,” ಎಂದು ಸಾವಕಾರ ಬೀಗಿದ.

ಅಷ್ಟರಲ್ಲಿ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಮಹಾನಂದಾಳ ಕೂಸು ಕಾಲು ಝಾಡಿಸಿತು. ಹೊದಿಕೆ ಜಾರಿತು. ಸಾವಕಾರನ ಕಣ್ಣು ಅದರ ನಡುವಿನ ಕೆಂಪು ರೇಷ್ಮೆಯ ಉಡದಾರಕ್ಕೆ ಬಿತ್ತು.

“ಇದೆಲ್ಲಿದು?”

“ತುಂಡೆಳಿರಿ. ಹಳೀದು ಹರದಿತ್ತು. ಗಂಡು ಕೂಸು, ಬರೇ ನಡ ಇರಬಾರದಂತ...”

“ಕಳುವಿಗೆ ಶಾಸ್ತ್ರ ಹೇಳಬ್ಯಾಡ. ಕತ್ತರಿಸು.”

ರತ್ನವ್ವ ಅವನ ಕಾಲಿಗೆ ಬಿದ್ದಳು. “ಯಪ್ಪಾ, ಹೆಣದ ಉಡದಾರ ಹರಿತಾರ್ರಿ. ಜೀವಂತ ಕೂಸಿಂದು ಹರಿಸಬ್ಯಾಡ್ರಿ. ಬೇಕಾದ್ರ ಕೂಲಿ ಮುರಕೋರಿ.”

“ಅದು ಇದ್ದದ್ದ. ಮೊದಲ ಕತ್ರಿ ತಗೋ.”

“ಪಾಪ, ಬಿಡಿ ಸರ್,” ಎಂದ ಮೇಡಂ ಬೇರೆ ಮಗ್ಗದ ಕಡೆ ಹೊರಳಿದರು.

ಮಹಾನಂದಾಳೇ ಕತ್ತರಿಸಬೇಕಾಯಿತು. ಕತ್ತರಿ ತಣ್ಣಗೆ ತಾಗಿದ್ದಕ್ಕೆ ಕೂಸು ಕಿಲಕಿಲ ನಕ್ಕಿತು.

ಸಾವಕಾರ ಉಡದಾರವನ್ನು ಎರಡು ಬೆರಳಲ್ಲಿ ಎತ್ತಿ ಮೂಸಿದ. “ಥೂ, ಉಚ್ಚಿ ನಾತ.” ಬಣ್ಣದ ನೀರು ಹರಿಯುವ ಗಟಾರಕ್ಕೆ ಎಸೆದು ಧೋತರಕ್ಕೆ ಕೈ ಒರೆಸಿಕೊಂಡ.

ಮಹಾನಂದಾ ಗಟಾರವನ್ನೇ ನೋಡಿದಳು. “ಗಟಾರಕ್ಕ ಒಗಿಯಾಕ ಹರಿಸಿದ್ರೇನ್ರಿ?”

“ಬಾಯಿ ಮುಚ್ಚಿ ಸೆರಗು ಕೂಡಸು.”

ಅವಳು ಕತ್ತರಿ ಕೆಳಗಿಟ್ಟಳು. ಕೂಸನ್ನು ಎತ್ತಿಕೊಂಡಳು. “ಹರಿಸಿದವರು ನೀವು. ಕೂಡಸೂದೂ ನೀವ ಮಾಡ್ರಿ.”

ಕಾಲಿಗೆ ಬಿದ್ದಿದ್ದ ರತ್ನವ್ವ ಎದ್ದಳು. ಸಾಲಿನಲ್ಲಿ ಕೂತ ಹೆಂಗಸರು ಒಬ್ಬೊಬ್ಬರಾಗಿ ಕೈಯಲ್ಲಿದ್ದ ಎಳೆ ಬಿಟ್ಟು ಹೊರಗೆ ನಡೆದರು.

“ಹೊಟ್ಟಿ ಹಸದ್ರ ತಾವಾ ಬರ್ತಾರ ಬಿಡ್ರಿ,” ಎಂದು ಸಾವಕಾರ ಮೇಡಂಗೆ ಹೇಳಿ ನಕ್ಕ.

ಅಂಗಳದಲ್ಲಿದ್ದ ರತ್ನವ್ವನಿಗೆ ಅದು ಕೇಳಿಸಿತು. ಅವಳು ಉಟ್ಟ ಹಳೆಯ ಸೀರೆಯ ಅಂಚಿನಿಂದ ಒಂದು ಎಳೆ ಕಿತ್ತಳು. ಪಕ್ಕದವಳು ತನ್ನದರಿಂದ ಇನ್ನೊಂದು ಕಿತ್ತು ಕೊಟ್ಟಳು. ಉಳಿದವರೂ ಕೊಟ್ಟರು. ಅವನ ಬಾಗಿಲೆದುರೇ ಕೂತು, ತೊಡೆಯ ಮೇಲೆ ಹೊಸೆದು, ಮೊಮ್ಮಗನ ನಡುವಿಗೆ ಕಟ್ಟಿದಳು.

“ಹಸಿವು ನಮಗ ಹೊಸದಲ್ರಿ ಸಾವಕಾರ್ರ,” ಅಂದಳು. “ಸೆರಗಿಲ್ಲದ ಸೀರಿ ನಿಮಗ ಹೊಸದು. ಮಾರಿ ನೋಡ್ರಿ.”